ರೇಡಿಯೇಷನ್ ಮುಗಿದು ವರ್ಷವಾದ ಮೇಲಿನ ಚರ್ಮ: ಆರೈಕೆಯಲ್ಲಿ ನನ್ನ ಅನುಭವ

ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದವರನ್ನು ಪರೀಕ್ಷಿಸುವಾಗ ನಾನು ಕಣ್ಣಿಗಿಂತ ಕೈಬೆರಳನ್ನೇ ಹೆಚ್ಚು ನಂಬುತ್ತೇನೆ. ಕೆಂಪಾಗುವುದು, ಸಿಪ್ಪೆ ಏಳುವುದು ಎಲ್ಲ ಸಾಮಾನ್ಯವಾಗಿ ನಾಲ್ಕಾರು ವಾರಗಳಲ್ಲಿ ಇಳಿಯುತ್ತದೆ. ವಾಸಿಯಾಯಿತೆಂದು ಕ್ರೀಮು, ವ್ಯಾಯಾಮ ಬಿಡುವುದೂ ಆಗಲೇ. ಒಳಗೆ ಮಾತ್ರ ಬೇರೆಯೇ ನಡೆದಿರುತ್ತದೆ. ಸಣ್ಣ ರಕ್ತನಾಳಗಳ ಒಳಪದರ ಹಾಳಾಗಿ ರಕ್ತದ ಹರಿವು ತಗ್ಗುತ್ತದೆ. ಗಾಯ ಮಾಗಿಸಿ ಸುಮ್ಮನಾಗಬೇಕಾದ ಫೈಬ್ರೋಬ್ಲಾಸ್ಟ್ ಕೋಶಗಳು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಕಟ್ಟುತ್ತಲೇ ಇರುತ್ತವೆ. ಫೈಬ್ರೋಸಿಸ್ ಎನ್ನುವ ಈ ಗಟ್ಟಿತನ ತಿಂಗಳುಗಳು ಕಳೆದ ಮೇಲೆ ಬೆರಳಿಗೆ ಸಿಗಲು ಶುರುವಾಗಿ ವರ್ಷಗಟ್ಟಲೆ ಬೆಳೆಯಬಹುದು.

ಮಲಗಿಸಿ, ಕೈ ತಲೆಯ ಮೇಲೆ ಇಡಿಸಿ, ಮೊದಲು ಚಿಕಿತ್ಸೆ ಆಗದ ಕಡೆಯ ಚರ್ಮವನ್ನು ಹೆಬ್ಬೆರಳು ತೋರುಬೆರಳ ನಡುವೆ ಎತ್ತಿ ನೋಡುತ್ತೇನೆ. ಆಮೇಲೆ ಇನ್ನೊಂದು ಕಡೆ ಅದೇ ಜಾಗ. ಒಳ್ಳೆಯ ಚರ್ಮ ಮಡಿಕೆಯಾಗಿ ಮೇಲೆ ಬರುತ್ತದೆ. ಫೈಬ್ರೋಸಿಸ್ ಆದದ್ದು ಮಡಿಚದೆ ದಪ್ಪ ರಟ್ಟಿನಂತೆ ಒಟ್ಟಿಗೇ ಅಲುಗುತ್ತದೆ. ಆಪರೇಷನ್ ಗುರುತು, ಸ್ತನದ ಕೆಳಗಿನ ಮಡಿಕೆ, ಕಂಕುಳಿನ ಮುಂದಿನ ಅಂಚು, ಬೂಸ್ಟ್, ಅಂದರೆ ಗಡ್ಡೆ ಇದ್ದ ಕಡೆಗೆ ಹೆಚ್ಚುವರಿ ರೇಡಿಯೇಷನ್ ಕೊಟ್ಟ ಜಾಗ, ಇವನ್ನು ಬಿಡಬಾರದು. ಧೂಮಪಾನ ಮಾಡುವವರಲ್ಲಿ, ಸ್ತನ ದೊಡ್ಡದಿರುವವರಲ್ಲಿ ಇನ್ನೂ ಹೆಚ್ಚು ಗಮನ ಬೇಕು.

ಮಸಾಜ್ ಹೇಳಿಕೊಡುವುದು ಚರ್ಮ ಪೂರ್ತಿ ಕೂಡಿಕೊಂಡ ಮೇಲೆಯೇ. ದಿನಕ್ಕೆ ಐದರಿಂದ ಹತ್ತು ನಿಮಿಷ ಸಾಕು. ಸುವಾಸನೆ ಇಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಹಚ್ಚಬೇಕು. ಹೆಚ್ಚು ಹಚ್ಚಿದರೆ ಬೆರಳು ಮೇಲೆ ಜಾರುತ್ತದೆ, ಅಡಿಯ ಪದರ ಅಲುಗುವುದೇ ಇಲ್ಲ. ಎಷ್ಟು ಮಾಡಿದರೂ ಪ್ರಯೋಜನವಿಲ್ಲ ಎನ್ನುವವರಲ್ಲಿ ನಾನು ಮೊದಲು ನೋಡುವುದು ಇದನ್ನೇ. ಉಗುರಿನ ತುದಿಯಲ್ಲಲ್ಲ, ಬೆರಳಿನ ಮೆತ್ತನೆ ಭಾಗದಲ್ಲಿ ಚರ್ಮವನ್ನು ಒತ್ತಿ ಹಿಡಿದು, ಎದೆಗೋಡೆಯ ಮೇಲೆ ಅದನ್ನೇ ಮೇಲೆ ಕೆಳಗೆ, ಅಕ್ಕಪಕ್ಕ ಸರಿಸಬೇಕು. ಬಿಗಿತ ಗೊತ್ತಾಗಬೇಕು, ನೋವಾಗಬಾರದು. ಕೆಂಪು ನೂಲಿನಂಥ ರಕ್ತನಾಳ ಎದ್ದಿರುವ ತೆಳು ಚರ್ಮವನ್ನು ಉಜ್ಜಲೇಬಾರದು. ಹರಿದರೆ ಮಾಗಲು ತುಂಬ ದಿನ ಹಿಡಿಯುತ್ತದೆ. ಜೊತೆಗೆ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಎತ್ತಿ, 20ರಿಂದ 30 ಸೆಕೆಂಡು ನಿಲ್ಲಿಸುವುದು, ನಾಲ್ಕೈದು ಸಲ. ಕೈ ಅಥವಾ ಸ್ತನ ಊದಿಕೊಂಡಿದ್ದರೆ ಈ ಮಸಾಜ್ ಅಲ್ಲ, ಲಿಂಫೆಡಿಮಾ (ದುಗ್ಧರಸ ನಿಂತು ಬರುವ ಊತ) ಬಲ್ಲ ಫಿಸಿಯೋಥೆರಪಿಸ್ಟ್ ಬೇಕು.

ಎಣ್ಣೆ, ಬೆವರಿನ ಗ್ರಂಥಿಗಳು ಕುಗ್ಗಿರುವುದರಿಂದ ಆ ಚರ್ಮ ಬೇಗ ಒಣಗುತ್ತದೆ. ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗಲೇ ಕ್ರೀಮು ಹಚ್ಚಬೇಕು. ಬಿಸಿನೀರಿನ ಚೀಲ ಬೇಡವೇ ಬೇಡ: ಸ್ಪರ್ಶ ಮಂದವಾಗಿರುವ ಕಡೆ ಸುಟ್ಟದ್ದು ಗೊತ್ತಾಗುವುದಿಲ್ಲ. ಬಿಸಿಲಿಗೆ ಬೀಳುವ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಮೇಲ್ಪಟ್ಟ ಸನ್‌ಸ್ಕ್ರೀನ್. ಕಾಲರ್ ಎಲುಬಿನ ಮೇಲಿನ ಗ್ರಂಥಿಗಳಿಗೂ ರೇಡಿಯೇಷನ್ ಆಗಿದ್ದರೆ ಕುತ್ತಿಗೆಯ ಬುಡವನ್ನು ಮರೆಯಬಾರದು.

ಆ ಕೆಂಪು ನೂಲುಗಳು, ಅಂದರೆ ಟೆಲಾಂಜಿಯೆಕ್ಟೇಸಿಯಾ, ಅಪಾಯವಲ್ಲ. ನೋಡಿ ಮನಸ್ಸಿಗೆ ಕಷ್ಟವಾಗುತ್ತಿದ್ದರೆ ಪಲ್ಸ್ಡ್ ಡೈ ಲೇಸರ್ ಉಂಟು, ಕೆಲವು ಸಲ ಹೋಗಬೇಕಾಗುತ್ತದೆ. ಗಟ್ಟಿತನ ಹೆಚ್ಚಿದ್ದಾಗ ವೈದ್ಯರು ರಕ್ತದ ಹರಿವು ಸುಧಾರಿಸುವ ಪೆಂಟಾಕ್ಸಿಫೈಲಿನ್ ಮಾತ್ರೆಯ ಜೊತೆ ವಿಟಮಿನ್ ಇ ಬರೆಯುವುದುಂಟು. ಎಲ್ಲರಿಗೂ ಫಲ ಕಾಣುವುದಿಲ್ಲ, ಕಂಡರೂ ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು.

ಕಾಯಬಾರದ ಸಂಗತಿಗಳೇ ಬೇರೆ. ಹಠಾತ್ತನೆ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದು ಸೋಂಕಿರಬಹುದು, ಅಂದೇ ತೋರಿಸಬೇಕು. ಹೊಸ ಗಂಟು ಕೊಬ್ಬು ಸತ್ತು ಆದದ್ದಿರಬಹುದು, ಆದರೂ ಸ್ಕ್ಯಾನ್ ಇಲ್ಲದೆ ಹಾಗೆಂದು ನಾನು ಹೇಳುವುದಿಲ್ಲ. ಪೆಟ್ಟು ಬೀಳದೆಯೇ ಕಂದಿದಂತೆ ನೇರಳೆ ಮಚ್ಚೆ ಕಂಡರೆ, ಅದೂ ಚಿಕಿತ್ಸೆಯಾಗಿ ಐದು, ಹತ್ತು ವರ್ಷದ ಮೇಲೆ, ಬಯಾಪ್ಸಿ ಆಗಲೇಬೇಕು. ರಕ್ತನಾಳದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಆದ ಆಂಜಿಯೋಸಾರ್ಕೋಮಾ ಅಪರೂಪ, ಆದರೆ ಕಂದಿದ ಗಾಯದ ವೇಷದಲ್ಲೇ ಬರುತ್ತದೆ. ಮೊದಲ ಬಯಾಪ್ಸಿಯಲ್ಲಿ ಏನೂ ಸಿಗದೆ ಮಚ್ಚೆ ಹರಡುತ್ತಲೇ ಇದ್ದರೆ ಮತ್ತೊಮ್ಮೆ ಮಾಡಿಸಬೇಕು.

ಒಟ್ಟು ಎಷ್ಟು ಗ್ರೇ (ರೇಡಿಯೇಷನ್ ಪ್ರಮಾಣದ ಅಳತೆ), ಎಷ್ಟು ದಿನ, ಬೂಸ್ಟ್ ಎಲ್ಲಿ ಎಂದು ಬರೆದ ಚಿಕಿತ್ಸೆಯ ಸಾರಾಂಶವನ್ನು ಪ್ರತಿಯೊಬ್ಬರೂ ಕೇಳಿ ಪಡೆದು ಇಟ್ಟುಕೊಳ್ಳಲಿ. ಮುಂದೆ ಆ ಜಾಗದಲ್ಲಿ ಯಾವ ಆಪರೇಷನ್ ಆದರೂ ಸರ್ಜನ್ ಮೊದಲು ನೋಡಬೇಕಾದ ಕಾಗದ ಅದು.