ಮೀನು ಕೊಳ್ಳುವಾಗ ಪಾದರಸ ತಪ್ಪಿಸುವುದು ಹೇಗೆ?

ಭಾನುವಾರ ಬೆಳಿಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಎಲ್ಲರೂ ಮೀನಿನ ಕಿವಿರು ಎತ್ತಿ ನೋಡುತ್ತಾರೆ, ಬೆರಳಲ್ಲಿ ಒತ್ತುತ್ತಾರೆ. ಕಿವಿರು ಕೆಂಪಗಿದ್ದರೆ ಮೀನು ತಾಜಾ, ಸರಿ. ಒಳಗೆ ಪಾದರಸ ಎಷ್ಟಿದೆ ಅಂತ ಕಿವಿರು ಹೇಳುವುದಿಲ್ಲ, ವಾಸನೆಯೂ ಹೇಳುವುದಿಲ್ಲ.

ಹಾಗಾಗಿ ಮೊದಲು ಮೀನಿನ ಜಾತಿ, ಗಾತ್ರ ನೋಡಿ. ನೀರಿಗೆ ಸೇರಿದ ಪಾದರಸವನ್ನು ಬ್ಯಾಕ್ಟೀರಿಯಾಗಳು ಮೀಥೈಲ್ ಮರ್ಕ್ಯುರಿ ಎಂಬ ವಿಷರೂಪಕ್ಕೆ ಬದಲಿಸುತ್ತವೆ. ಅದು ಪಾಚಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ದೊಡ್ಡದಕ್ಕೆ ಹೋಗುತ್ತಾ ಜಾಸ್ತಿಯಾಗುತ್ತದೆ. ಬೇರೆ ಮೀನು ತಿಂದು ವರ್ಷಗಟ್ಟಲೆ ಬದುಕುವ ಶಾರ್ಕ್, ಕತ್ತಿಮೀನು, ದೊಡ್ಡ ಟ್ಯೂನಾಗಳಲ್ಲಿ ಹೆಚ್ಚು. ಬೂತಾಯಿ, ಬಂಗುಡೆ, ಸಿಗಡಿಯಲ್ಲಿ ಕಡಿಮೆ. ಜೇಬಿಗೂ ಹಗುರ, ಅಲ್ವಾ?

ಅಂಜಲ್ ಪ್ರಿಯರಿಗೆ ಬೇಸರದ ಸುದ್ದಿ. ಅದರ ಹತ್ತಿರದ ಸಂಬಂಧಿ ಕಿಂಗ್ ಮ್ಯಾಕೆರೆಲನ್ನು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗರ್ಭಿಣಿಯರು ತಿನ್ನಲೇಬಾರದ ಮೀನುಗಳ ಪಟ್ಟಿಯಲ್ಲಿಟ್ಟಿದೆ. ಉಳಿದವರು ಅಂಜಲನ್ನು ಹಬ್ಬಕ್ಕೊಮ್ಮೆ ಇಟ್ಟುಕೊಳ್ಳಿ, ಅದೂ ಸಣ್ಣದನ್ನೇ ಆರಿಸಿ.

ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿದರೆ ಪಾದರಸ ಹೋಗುತ್ತದೆ ಎನ್ನುವವರಿದ್ದಾರೆ. ಹೋಗುವುದಿಲ್ಲ. ಪಾದರಸ ಮಾಂಸದ ಪ್ರೋಟೀನ್‌ಗೇ ಅಂಟಿರುತ್ತದೆ. ಹುರಿದರೂ ಬೇಯಿಸಿದರೂ ಅಲ್ಲೇ ಇರುತ್ತದೆ.

ಪಾದರಸದಂತೆ ಕ್ಯಾಡ್ಮಿಯಂ ಕೂಡ ಒಂದು ವಿಷಲೋಹ, ಆದರೆ ಅದರ ಕಥೆ ಬೇರೆ. ಇದು ಮೂತ್ರಪಿಂಡಕ್ಕೆ ಕೆಟ್ಟದ್ದು. ಏಡಿಯ ಚಿಪ್ಪು ಬಿಚ್ಚಿದಾಗ ಒಳಗೆ ಕಂದು ಹಳದಿ ಗಸಿ ಕಾಣುತ್ತದಲ್ಲ, ನಮ್ಮ ಮನೆಯಲ್ಲಿ ಅದನ್ನು ಬೆರಳಲ್ಲಿ ಬಳಿದು ತಿನ್ನಲು ಜಗಳವೇ ಆಗುತ್ತಿತ್ತು. ಕ್ಯಾಡ್ಮಿಯಂ ಸೇರಿಕೊಳ್ಳುವುದು ಅಲ್ಲೇ. ಸಿಗಡಿಯ ತಲೆ, ಬೊಂಡಾಸಿನ (ಸ್ಕ್ವಿಡ್) ಒಳಭಾಗವೂ ಹಾಗೆಯೇ. ಕ್ಲೀನ್ ಮಾಡುವವರ ಪಕ್ಕದಲ್ಲೇ ನಿಂತು, "ಅಣ್ಣಾ, ಸಿಗಡಿ ತಲೆ ಬೇಡ, ಬೊಂಡಾಸಿನ ಒಳಗಿನದೆಲ್ಲ ಪೂರ್ತಿ ಎಳೆದು ತೆಗೀರಿ" ಎನ್ನಿ. ಇಲ್ಲಿ ಚಾಕುವಿನಿಂದ ನಿಜವಾಗಿಯೂ ಉಪಯೋಗವಿದೆ.

ಬಸುರಿಯರು, ಮಗು ಬೇಕೆನ್ನುವವರು, ಪುಟ್ಟ ಮಕ್ಕಳು ಜಾಸ್ತಿ ಎಚ್ಚರವಾಗಿರಬೇಕು. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿನ ಮೂಲಕ ಜನರ ನರಮಂಡಲಕ್ಕೆ ಹೊಕ್ಕಿತು. 1956ರಲ್ಲಿ ಆ ಕಾಯಿಲೆ ಬೆಳಕಿಗೆ ಬಂತು. ತಾಯಿಗೆ ಹೆಚ್ಚೇನೂ ಆಗದಿದ್ದರೂ ಹೊಟ್ಟೆಯಲ್ಲಿದ್ದ ಮಗುವಿನ ಮೆದುಳಿಗೆ ಪೆಟ್ಟು ಬಿದ್ದ ಮನೆಗಳಿದ್ದವು. ಹಾಗಂತ ಸುಮ್ನೆ ಹೆದರಿ ಮೀನು ಬಿಡಬೇಡಿ. ಅದರಲ್ಲಿರುವ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಅದೇ ಮೆದುಳಿಗೆ ಬೇಕು. ಬಸುರಿಯರು ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಬಹುದು.

ಇನ್ನು ಕೆರೆ ಮೀನು. ಕಾಟ್ಲಾ, ರೋಹು ಕೊಳ್ಳುವಾಗ ಯಾವ ಕೆರೆಯದ್ದು ಎಂದು ಕೇಳಿ. ಬೆಂಗಳೂರಿನ ಕಲುಷಿತ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿದ್ದನ್ನು ನಾವೇ ನೋಡಿದ್ದೇವೆ. "ಇಲ್ಲೇ ಹತ್ತಿರದ್ದು ಸಾರ್" ಎಂಬ ಉತ್ತರ ಬಂದರೆ ಬಂಗುಡೆ ಬುಟ್ಟಿಯ ಕಡೆ ತಿರುಗಿ.