ಚಾಟ್ ರಾಶಿಯಿಂದ ಲಿಂಕ್ ಹೆಕ್ಕುವುದು ಹೇಗೆ

ಮಳೆ ಹಿಡಿದರೆ ಶಿರಸಿ ಕಡೆಯ ನಮ್ಮ ಅಡಿಕೆ ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಪುರುಸೊತ್ತಿಲ್ಲ. ಕೊಳೆ ರೋಗದ ವಿಡಿಯೋ, ಬೋರ್ಡೋ ದ್ರಾವಣ ಮಾಡುವ ಕ್ರಮ, ಹವಾಮಾನದ ಪುಟ, ನಡುವೆ ರಾಶಿ ಗುಡ್ ಮಾರ್ನಿಂಗ್. ಲಿಂಕ್‌ಗಳನ್ನಷ್ಟೇ ತೆಗೆಯಲು ನಾನು ರೆಗೆಕ್ಸ್ (ರೆಗ್ಯುಲರ್ ಎಕ್ಸ್‌ಪ್ರೆಶನ್, ಹುಡುಕಬೇಕಾದ ಅಕ್ಷರಗಳ ಮಾದರಿ ಹೇಳುವ ಸೂತ್ರ) ಬಳಸುತ್ತೇನೆ.

ಗುಂಪಿನ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಚಾಟ್ ಒತ್ತಿ, ಮೀಡಿಯಾ ಬೇಡ ಅನ್ನಿ. ಸಿಗುವ ಟೆಕ್ಸ್ಟ್ ಫೈಲನ್ನು ಕಂಪ್ಯೂಟರಿನಲ್ಲಿ ಬರಹ ತಿದ್ದುವ ಉಚಿತ ತಂತ್ರಾಂಶ ನೋಟ್‌ಪ್ಯಾಡ್++ನಲ್ಲಿ ತೆರೆಯಿರಿ. ಸರ್ಚ್ ಮೆನುವಿನ ಮಾರ್ಕ್‌ಗೆ ಹೋಗಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆರಿಸಿ, ಇದನ್ನು ಟೈಪ್ ಮಾಡಿ. ಎಚ್, ಟಿ, ಪಿ, ಎಸ್ ಮಾತ್ರ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿರಲಿ:

ಎಚ್‌ಟಿಟಿಪಿಎಸ್?://[^ಅ-ಹ\ಎಸ್]+

ಎಸ್ ಪಕ್ಕದ ? ಅಂದರೆ ಆ ಎಸ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚೌಕದೊಳಗಿನ ^ ಅಂದರೆ ‘ಇವನ್ನು ಬಿಟ್ಟು’. \ಎಸ್ ಅಂದರೆ ಖಾಲಿ ಜಾಗ, ಸಾಲಿನ ಕೊನೆ ಎರಡೂ. + ಅಂದರೆ ಒಂದು ಅಥವಾ ಜಾಸ್ತಿ.

ಅ-ಹ (ಅ ಇಂದ ಹ ವರೆಗೆ) ಯಾಕೆ? ನಮ್ಮವರು ಲಿಂಕ್ ಹಾಕಿ, ಜಾಗ ಬಿಡದೆ ‘ನೋಡ್ರಿ’ ಅಂತ ಅಂಟಿಸಿಬಿಡುತ್ತಾರೆ ಮಾರಾಯ್ರೆ! ಖಾಲಿ ಜಾಗಕ್ಕಷ್ಟೇ ನಿಲ್ಲುವ ರೆಗೆಕ್ಸ್ ಆ ‘ನೋಡ್ರಿ’ಯನ್ನೂ ಎಳೆದುಕೊಂಡು ಬರುತ್ತದೆ, ಲಿಂಕ್ ತೆರೆಯುವುದಿಲ್ಲ. ಅ-ಹ ಇದ್ದರೆ ‘ನ’ ಕಂಡಲ್ಲೇ ನಿಲ್ಲುತ್ತದೆ. ಒತ್ತು, ಕೊಂಬು, ದೀರ್ಘ ಎಲ್ಲ ಅಕ್ಷರದ ನಂತರವೇ ಬರುವುದರಿಂದ ಅವನ್ನು ಸೇರಿಸಬೇಕಿಲ್ಲ. ‘ಳ’ ಬಿಟ್ಟುಹೋಯಿತೇ ಅನ್ನಬೇಡಿ. ಶಾಲೆಯಲ್ಲಿ ಅದು ‘ಹ’ದ ನಂತರ, ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡ್‌ನಲ್ಲಿ ‘ಲ’ದ ಪಕ್ಕ. ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿದರೆ ಸಾಮಾನ್ಯವಾಗಿ % ಚಿಹ್ನೆಗಳಾಗಿ ಬರುತ್ತದೆ, ಅದಕ್ಕೂ ತೊಂದರೆಯಿಲ್ಲ.

ವಾಕ್ಯದ ಕೊನೆಯ ಚುಕ್ಕೆ, ಅಲ್ಪವಿರಾಮ ಲಿಂಕ್‌ಗೆ ಅಂಟಿಕೊಂಡರೆ ಮೇಲಿನ ರೆಗೆಕ್ಸಿನ ಕೊನೆಗೆ ಇದನ್ನು ಸೇರಿಸಿ:

(?<![.,!])

‘ಕೊನೆಯಲ್ಲಿ ಇವು ಇರಬಾರದು, ಇದ್ದರೆ ಹಿಂದೆ ಸರಿ’ ಅಂತ ಅರ್ಥ. ಈ ಚೌಕದೊಳಗೆ ) ಕೂಡ ಹಾಕುವುದು ನನಗೆ ಇಷ್ಟವಿಲ್ಲ. ಕೆಲವು ವಿಕಿಪೀಡಿಯ ಲಿಂಕ್‌ಗಳು ಅದರಿಂದಲೇ ಮುಗಿಯುತ್ತವೆ.

ಎಚ್‌ಟಿಟಿಪಿ ಇಲ್ಲದೆ ಬರೀ ಡಾಟ್ ಕಾಮ್ ಅಂತ ಬರೆದವುಗಳ ಹಿಂದೆ ಸುಮ್ನೆ ಬೀಳಬೇಡಿ. ಚುಕ್ಕೆಯ ನಂತರ ಜಾಗ ಬಿಡದ ಇಂಗ್ಲಿಷ್ ಮೆಸೇಜೆಲ್ಲ ಲಿಂಕ್ ಅಂತ ಬರುತ್ತದೆ.

ಈಗ ಮಾರ್ಕ್ ಆಲ್, ಆಮೇಲೆ ಕಾಪಿ ಮಾರ್ಕ್ಡ್ ಟೆಕ್ಸ್ಟ್. ಹೊಸ ಫೈಲಿಗೆ ಪೇಸ್ಟ್ ಮಾಡಿ, ಎಡಿಟ್ ಮೆನುವಿನ ಲೈನ್ ಆಪರೇಶನ್ಸ್‌ನಲ್ಲಿ ರಿಮೂವ್ ಡುಪ್ಲಿಕೇಟ್ ಲೈನ್ಸ್ ಕೊಡಿ. ಒಂದೇ ಯೂಟ್ಯೂಬ್ ವಿಡಿಯೋ ಇನ್ನೂ ಎರಡು ಸಲ ಕಂಡರೆ ಬಾಲ ನೋಡಿ. ಶೇರ್ ಮಾಡುವಾಗ ಸೇರುವ ?ಎಸ್‌ಐ= ಬೇರೆ ಬೇರೆ ಇರುತ್ತದೆ, ಅಲ್ಲಿಂದಾಚೆಗಿನದನ್ನು ಅಳಿಸಬಹುದು. ?ವಿ= ಇದ್ದರೆ ಮಾತ್ರ ಮುಟ್ಟಬೇಡಿ, ವಿಡಿಯೋದ ಗುರುತೇ ಅದು.