ನಿಮಗೆ ಟ್ರೈನಿಗೆ ಹೊತ್ತಾಯ್ತಲ್ಲ ಮೇಡಂ

ಕಾಸರಗೋಡಿನ ಕುಂಬಳೆಯಲ್ಲಿ ಒಂದು ಮೆಡಿಕಲ್ ಶಾಪಿನ ಮಾಳಿಗೆಯಲ್ಲಿ ನನ್ನ ರೂಮು. ಎರಡು ಒಳ್ಳೆ ಕುರ್ಚಿ, ಒಂದು ಫ್ಯಾನು, ಗೋಡೆಗೆ ಗಡಿಯಾರ. ವಾರಕ್ಕೆ ಎರಡು ದಿನ ಮಂಗಳೂರಿಂದ ಟ್ರೈನಲ್ಲಿ ಬಂದು ಅಲ್ಲಿ ಕೂತ್ಕೊಳ್ಳುದು. ಬೋರ್ಡಲ್ಲಿ ಮಲಯಾಳ ಕನ್ನಡ ಎರಡರಲ್ಲೂ ಕೌನ್ಸೆಲಿಂಗ್ ಅಂತ ಹಾಕಿದ್ದೇನೆ, ಸೈಕೋಥೆರಪಿ ಅಂತ ಬರೆದ್ರೆ ಯಾರೂ ಮೆಟ್ಲು ಹತ್ತುದಿಲ್ಲ ಮಾರಾಯ್ರೆ. ಮಂಡೆಬಿಸಿ ನಮ್ಮೂರಲ್ಲಿ ಎಲ್ಲರಿಗೂ ಉಂಟು, ಅದಕ್ಕೆ ದುಡ್ಡು ಕೊಟ್ಟು ಮಾತಾಡುದು ಅಂದ್ರೆ ಮಾತ್ರ ನಗ್ತಾರೆ.

ಇಲ್ಲಿ ಹೇಳುವ ಅಕ್ಕ ಒಬ್ಬರೇ ಅಲ್ಲ, ಎರಡು ಮೂರು ಜನರನ್ನು ಸೇರಿಸಿ ಗುರುತು ಸಿಗದ ಹಾಗೆ ಮಾಡಿದ್ದೇನೆ. ನಾನು ಮಾಡಿದ ತಪ್ಪು ಮಾತ್ರ ಇದ್ದ ಹಾಗೇ ಉಂಟು.

ಸೀತಾಂಗೋಳಿಯಿಂದ ಒಳಗೆ ಎಲ್ಲೋ ಮನೆ, ಪ್ರಾಯ ನಲವತ್ತೈದು ದಾಟಿದೆ, ಬೀಡಿ ಕಟ್ಟುದು. ಬಂದದ್ದು ನಿದ್ದೆ ಇಲ್ಲ ಅಂತ. ಅಷ್ಟೊತ್ತಿಗೆ ಜೋಯಿಸರ ಹತ್ರ ಪ್ರಶ್ನೆ ಇಡಿಸಿ ಆಗಿತ್ತು, ನೂಲು ಕಟ್ಟಿಸಿ ಆಗಿತ್ತು, ಡಾಕ್ಟ್ರು ಕೊಟ್ಟ ಮಾತ್ರೆಯೂ ಆಗಿತ್ತು. ಮೊದಲ ದಿನ ನಾನು ಗಮನಿಸಿದ್ದು ಅವರ ಬೆರಳು. ಮಡಿಲಲ್ಲಿ ತಡ್ಪೆ (ಮೊರ) ಇಲ್ಲ, ಎಲೆ ಇಲ್ಲ, ಹೊಗೆಸೊಪ್ಪು ಇಲ್ಲ, ಆದ್ರೂ ಮಾತಾಡ್ತಾ ಮಾತಾಡ್ತಾ ಹೆಬ್ಬೆರಳು ತೋರುಬೆರಳು ಸೇರಿ ಸುತ್ತುತ್ತಾ ಇರುದು. ಅಪ್ಪನ ಸುದ್ದಿ ಬಂದ ಕೂಡ್ಲೇ ಬೆರಳು ನಿಂತು ಹೋಯ್ತು. ಅಲ್ಲಿಂದ ಮುಂದೆ ಎಷ್ಟೋ ವಾರ ನಾನು ಅವರ ಮುಖಕ್ಕಿಂತ ಹೆಚ್ಚು ಕೈಯನ್ನೇ ನೋಡ್ತಾ ಇದ್ದೆ ಅಂತ ಕಾಣ್ತದೆ.

ನಾನು ಕಲಿತದ್ದು ರಿಲೇಶನಲ್ ಅಂತ ಹೇಳುವ ಪದ್ಧತಿ. ಅಮೆರಿಕದಲ್ಲಿ ಜೇ ಗ್ರೀನ್‌ಬರ್ಗ್, ಸ್ಟೀಫನ್ ಮಿಚೆಲ್ ಅಂತ ಇಬ್ಬರು ಮನೋವಿಶ್ಲೇಷಕರು 1983ರಲ್ಲಿ ಒಟ್ಟಿಗೆ ಬರೆದ ಪುಸ್ತಕದಿಂದ ಈ ಹೆಸರು ಬಳಕೆಗೆ ಬಂತು. ಅದರಲ್ಲಿ ಥೆರಪಿಸ್ಟ್ ಸುಮ್ಮನೆ ಬದಿಯಲ್ಲಿ ಕೂತು ನೋಟ್ಸ್ ಬರೆಯುವವ ಅಲ್ಲ, ರೂಮಿನಲ್ಲಿ ಇಬ್ಬರ ಮಧ್ಯೆ ಎಂತ ಆಗ್ತದೆ ಅದೇ ಕೆಲಸ, ಹಳೇ ಸಂಬಂಧದಲ್ಲಿ ಆದ ಪೆಟ್ಟು ಈ ಹೊಸ ಸಂಬಂಧದಲ್ಲೂ ತಲೆ ಹಾಕ್ತದೆ, ಅದನ್ನು ಅಲ್ಲೇ ಹಿಡಿದು ಮಾತಾಡ್ಬೇಕು. ಓದುವಾಗ ಸುಲಭ.

ಮೊದಲ ಎರಡು ತಿಂಗಳು ನಾನು ಅವರ ಹತ್ರ ಹಳೇದನ್ನು ಕೆದಕಲೇ ಇಲ್ಲ. ಟ್ರಾಮಾ, ಅಂದ್ರೆ ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟಿನ ಬಗ್ಗೆ ಅಮೆರಿಕದ ಸೈಕಿಯಾಟ್ರಿಸ್ಟ್ ಜುಡಿತ್ ಹರ್ಮನ್ 1992ರಲ್ಲೇ ಹೇಳಿದ್ದಾರೆ, ಮೊದಲು ಆ ಮನುಷ್ಯನಿಗೆ ತಾನು ಸೇಫ್ ಅಂತ ಆಗ್ಬೇಕು, ಆಮೇಲೆ ನೆನಪು ಮಾಡುದು, ದುಃಖ ಪಡುದು. ಹಾಗೆ ಬಸ್ಸಿನ ಟೈಮು, ಮಗಳ ಕಾಲೇಜು, ಬ್ರಾಂಚಿನಲ್ಲಿ ಬೀಡಿ ರಿಜೆಕ್ಟ್ ಮಾಡ್ತಾರೆ, ಇದೇ ಮಾತು. ಬಂದು ಕೂತ ಕೂಡ್ಲೇ ಅವರ ಮೊದಲ ಪ್ರಶ್ನೆ, ಊಟ ಆಯ್ತಾ ಮೇಡಂ? ನಾನು ಹ್ಞಾಂ ಆಯ್ತು ಅಕ್ಕ ಅಂದ್ರೂ ನಂಬುದಿಲ್ಲ, ಮುಖ ಬಾಡಿದೆ ಅಂತ ಹೇಳಿ ಬ್ಯಾಗಿಂದ ನೇಂದ್ರ ಹಣ್ಣು ತೆಗೆಯುದು. ಪ್ರೀತಿ ಅಂತ ನಾನು ತಿಳ್ಕೊಂಡೆ. ಪ್ರೀತಿಯೂ ಹೌದು.

ಭಾಷೆಯದ್ದು ಬೇರೆಯೇ ಒಂದು ಕತೆ. ನನ್ನ ಹತ್ರ ಕನ್ನಡ, ಕೆಳಗೆ ಶಾಪಿನವನ ಹತ್ರ ಮಲಯಾಳ, ಮನೆಯಲ್ಲಿ ತುಳು. ಕನ್ನಡದಲ್ಲಿ ಅವರು ಅಪ್ಪನ ಬಗ್ಗೆ ಹೇಳಿದ್ರೆ ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ, ಅಪ್ಪ ಕುಡೀತಿದ್ರು, ಅಮ್ಮನಿಗೆ ಹೊಡೀತಿದ್ರು, ಫುಲ್ ಸ್ಟಾಪ್. ಒಂದು ದಿನ ನಾನೇ ಹೇಳಿದೆ, ಅಕ್ಕ, ತುಳುವಿನಲ್ಲೇ ಹೇಳಿ, ನಂಗೆ ಗೊತ್ತಾಗ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಎಂಕ್ ಪೋಡಿಗೆ ಆಪುಂಡು ಅಂದ್ರು. ಹೆದರಿಕೆ ಆಗ್ತದೆ ಅಂತ ಕನ್ನಡದಲ್ಲಿ ಹತ್ತು ಸಲ ಹೇಳಿರ್ಬಹುದು, ಆದ್ರೆ ಪೋಡಿಗೆ ಅಂದಾಗ ಅವರ ಸ್ವರವೇ ಎಂಟು ವರ್ಷದ ಹುಡುಗಿದ್ದು.

ಆಮೇಲೆ ಬಂತು ಅಂಗಳದ ಸುದ್ದಿ. ಅಂಗಳ ತುಂಬಾ ಅಡಿಕೆ ಒಣಗಲಿಕ್ಕೆ ಹಾಕಿರ್ತಾರಲ್ಲ, ರಾತ್ರಿ ಅಪ್ಪ ಬದಿಯಿಂದ ನಡೆದು ಬಂದ್ರೆ ಕುಡಿದಿಲ್ಲ, ಅಡಿಕೆ ಮೇಲೆ ಕಾಲಿಟ್ಟು ಕರಕರ ಅಂತ ಬಂದ್ರೆ ಕುಡಿದಿದ್ದಾರೆ. ಚಾಪೆಯಲ್ಲಿ ಮಲಗಿ ಈ ಹುಡುಗಿ ಕೇಳುದು ಅದನ್ನೇ, ಕರಕರ ಆದ್ರೆ ತಮ್ಮನನ್ನು ಎಳ್ಕೊಂಡು ದನದ ಹಟ್ಟಿಗೆ ಓಡುದು. ನಲವತ್ತು ವರ್ಷ ಆದ್ರೂ ಕಿವಿ ಇನ್ನೂ ಅಂಗಳದಲ್ಲೇ ಉಂಟು, ನಿದ್ದೆ ಎಲ್ಲಿಂದ ಬರ್ಬೇಕು.

ಅದನ್ನು ಹೇಳಿದ ದಿನವೇ ನಾನು ಹಾಳು ಮಾಡಿದ್ದು. ಅವರು ಹಟ್ಟಿಯ ವಿಷಯಕ್ಕೆ ಬಂದಿದ್ರು, ನನ್ನ ಕಣ್ಣು ಗಡಿಯಾರಕ್ಕೆ ಹೋಯ್ತು. ಆವತ್ತು ಮನೆಯಲ್ಲಿ ಅತ್ತೆಗೆ ಹುಷಾರಿರ್ಲಿಲ್ಲ, ಸಂಜೆ ಟ್ರೈನು ಮಿಸ್ ಆದ್ರೆ ಕಷ್ಟ ಅಂತ ತಲೆಯಲ್ಲಿ ಇತ್ತು. ಒಂದು ಸೆಕೆಂಡು ಅಷ್ಟೇ. ಅವರು ಮಾತು ನಿಲ್ಲಿಸಿ, ನಿಮಗೆ ಟ್ರೈನಿಗೆ ಹೊತ್ತಾಯ್ತಲ್ಲ ಮೇಡಂ, ಸಾಕು ಇವತ್ತಿಗೆ ಅಂದ್ರು. ನಾನು ಎಂತ ಹೇಳಿದೆ ಗೊತ್ತುಂಟಾ? ಇಲ್ಲ ಇಲ್ಲ ಅಕ್ಕ, ಹಾಗೇನಿಲ್ಲ, ಹೇಳಿ. ನಗಾಡಿಕೊಂಡೇ ಹೇಳಿದೆ. ಅವರೂ ನಗಾಡಿದ್ರು, ಎದ್ದು ಹೋದ್ರು.

ಎರಡು ವಾರ ಬರ್ಲಿಲ್ಲ. ಫೋನ್ ಮಾಡಿದ್ರೆ ಎಲೆ ಬಂದಿದೆ ಮೇಡಂ, ಕೆಲಸ ಜೋರು.

ನಾನು ಪ್ರತಿ ಹದಿನೈದು ದಿನಕ್ಕೆ ಬೆಂಗಳೂರಿನ ನನ್ನ ಸೂಪರ್‌ವೈಸರ್ ಹತ್ರ ವಿಡಿಯೋ ಕಾಲಲ್ಲಿ ಕೇಸ್ ಹೇಳ್ತೇನೆ. ಇದನ್ನೂ ಹೇಳಿದೆ, ಸ್ವಲ್ಪ ಜಾಣತನದಲ್ಲಿ, ಹೈಪರ್‌ವಿಜಿಲೆನ್ಸ್, ಅಂದ್ರೆ ಯಾವಾಗ ಅಪಾಯ ಬರ್ತದೆ ಅಂತ ಸದಾ ಕಾಯುದು, ತುಂಬಾ ಉಂಟು, ಸಣ್ಣದಕ್ಕೂ ನನ್ನನ್ನು ತಪ್ಪು ತಿಳೀತಾರೆ ಅಂತ. ಸೂಪರ್‌ವೈಸರ್ ಕೇಳಿದ್ದು ಒಂದೇ, ತಪ್ಪು ತಿಳಿದದ್ದಾ, ಸರಿಯಾಗೇ ತಿಳಿದದ್ದಾ?

ಕಿವಿಯಿಂದ ಕಾಲಿನ ಸದ್ದು ಲೆಕ್ಕ ಹಾಕಿ ಬದುಕಿದ ಹೆಂಗಸು, ನನ್ನ ಮುಖ ಓದುದು ಅವರಿಗೆ ಎಷ್ಟರ ಮಾತು. ಅವರು ಕಂಡದ್ದು ಸರಿಯೇ ಇತ್ತು, ನಾನು ಇಲ್ಲ ಅಂದೆ, ಚಿಕ್ಕಂದಿನಲ್ಲಿ ಅವರ ಮನೆಯಲ್ಲೂ ಬೆಳಿಗ್ಗೆ ಎದ್ದ ಮೇಲೆ ಅಮ್ಮ ಇದನ್ನೇ ಹೇಳ್ತಿದ್ರಂತೆ, ರಾತ್ರಿ ಎಂತದ್ದೂ ಆಗ್ಲಿಲ್ಲ ಅಂತ. ಹಂಗೆರಿಯ ಮನೋವಿಶ್ಲೇಷಕ ಶಾಂದೋರ್ ಫೆರೆನ್ಸಿ 1932ರಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಓದಿದ ಒಂದು ಪ್ರಬಂಧ ಉಂಟು, ದೊಡ್ಡವರ ಮತ್ತು ಮಕ್ಕಳ ನಡುವೆ ಭಾಷೆಗಳ ಗೊಂದಲ ಅಂತ. (ಏಳು ಭಾಷೆಯ ಕಾಸರಗೋಡಿನವರಿಗೆ ಆ ಹೆಸರೇ ಸಾಕು.) ಅದರಲ್ಲಿ ಅವರು ಹೇಳುದು, ಡಾಕ್ಟ್ರ ಬೇಜಾರು, ಅಸಹನೆ ಎಲ್ಲ ಪೇಷಂಟಿಗೆ ಗೊತ್ತಾಗ್ತದೆ, ಹೇಳ್ಲಿಕ್ಕೆ ಮಾತ್ರ ಧೈರ್ಯ ಇಲ್ಲ, ಡಾಕ್ಟ್ರು ತನ್ನ ತಪ್ಪನ್ನು ಒಪ್ಪಿಕೊಂಡ್ರೆ ನಂಬಿಕೆ ಹುಟ್ತದೆ, ಒಪ್ಪದಿದ್ರೆ ಹಳೇದೇ ಪುನಃ ಆಗ್ತದೆ. ಪರೀಕ್ಷೆಗೆ ಅಂತ ಓದಿದ್ದೆ, ಮಾರ್ಕೂ ಬಂದಿತ್ತು.

ಮೂರನೇ ವಾರ ಬಂದ್ರು. ನಾನು ರಿಹರ್ಸಲ್ ಮಾಡಿ ಇಟ್ಟದ್ದೆಲ್ಲ ಮರೆತು ಹೋಗಿ ಸೀದಾ ಹೇಳಿದೆ, ಅಕ್ಕ, ಆವತ್ತು ನಾನು ಗಡಿಯಾರ ನೋಡಿದ್ದು ಹೌದು, ನನ್ನ ಮನಸ್ಸು ಟ್ರೈನಲ್ಲಿತ್ತು, ನೀವು ಕೇಳಿದಾಗ ಸುಳ್ಳು ಹೇಳಿದೆ, ನೀವು ಕಂಡದ್ದೇ ಸರಿ. ಅತ್ತೆಯ ಸುದ್ದಿ ಹೇಳ್ಲಿಲ್ಲ, ಹೇಳಿದ್ರೆ ಅವರು ನನ್ನನ್ನೇ ಸಮಾಧಾನ ಮಾಡ್ಲಿಕ್ಕೆ ಕೂತ್ಕೊಳ್ತಿದ್ರು. ಒಳ್ಳೆದಾಗ್ತದೆ ಅಂತ ಕಾದೆ, ಅವರಿಗೆ ಬಂದದ್ದು ಸಿಟ್ಟು. ಬಸ್ಸಿಗೆ ದುಡ್ಡು ಕೊಟ್ಟು ಅರ್ಧ ದಿನದ ಬೀಡಿ ಬಿಟ್ಟು ಬರುದು ನಾನು, ಗಂಟೆ ನೋಡುದು ನೀವಾ ಅಂತ ಕೇಳಿದ್ರು. ನಂಗೆ ಮುಖ ಬಿಸಿ ಆಯ್ತು. ಕೇಳ್ತಾ ಕೂತೆ, ಬೇರೆ ಎಂತ ಮಾಡುದು. ಹೇಳಿ ಮುಗಿಸಿ ಬಾಗಿಲ ಕಡೆ ನೋಡಿದ್ರು, ಈಗ ಯಾರಾದ್ರೂ ಹೊಡೀತಾರಾ ಅಂತ ನೋಡಿದ ಹಾಗೆ.

ಅದಾಗಿ ಎಲ್ಲ ಸರಿಯಾಯ್ತು ಅಂತ ಬರೆದ್ರೆ ಸುಳ್ಳಾಗ್ತದೆ. ನಡುವೆ ಜೀವ ಬೇಡ ಅನ್ನಿಸ್ತದೆ ಅಂತ ಒಂದು ಸಲ ಹೇಳಿದ್ರು, ಕೂಡ್ಲೇ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಮಗಳ ಫೋನಲ್ಲೂ ಸೇವ್ ಮಾಡಿಸಿದೆ. ಮಾತ್ರೆ ಕೊಡುದು ನನ್ನ ಕೆಲಸ ಅಲ್ಲ, ಮಾತ್ರೆ ಬೇಡ ಅಂತ ಹೇಳುದೂ ನನ್ನ ಕೆಲಸ ಅಲ್ಲ. ನಿದ್ದೆ ಈಗ ನಾಲ್ಕು ಗಂಟೆ ಬರ್ತದಂತೆ, ಅಡಿಕೆ ಒಣಗುವ ಸೀಸನಲ್ಲಿ ಅದೂ ಇಲ್ಲ. ಗಡಿಯಾರವನ್ನು ನಾನು ಅವರಿಗೂ ಕಾಣುವ ಗೋಡೆಗೆ ಹಾಕಿಸಿದ್ದೇನೆ.

ಕಳೆದ ತಿಂಗಳು ಒಂದು ದಿನ ಬಂದು ಕೂತು, ಇವತ್ತು ನಂಗೆ ಮಾತಾಡ್ಲಿಕ್ಕೆ ಮನಸ್ಸಿಲ್ಲ ಅಂದ್ರು. ಆಯ್ತು ಅಂದೆ. ಇಪ್ಪತ್ತು ನಿಮಿಷ ಫ್ಯಾನಿನ ಸದ್ದು ಬಿಟ್ರೆ ಬೇರೆ ಇಲ್ಲ, ಬೆರಳು ಮೆಲ್ಲ ಸುತ್ತುತ್ತಾ ಇತ್ತು. ಮತ್ತೆ ಎದ್ದು, ಬಸ್ಸುಂಟು ಅಂತ ಹೇಳಿ ಮೆಟ್ಲು ಇಳಿದು ಹೋದ್ರು. ಊಟ ಆಯ್ತಾ ಅಂತ ಆವತ್ತು ಕೇಳ್ಲಿಲ್ಲ.